ಹೊಲಿದು ಬಿಚ್ಚಿದ ಕಾಲರ್

ಮಾರ್ಚ್ ೯, ಸೋಮವಾರ

ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ. ಎದುರುಮನೆಯ ಮಗುವಿನ ಫ್ರಾಕಿನ ಕಾಲರನ್ನು ನಾನು ಹೊಲಿದು, ಬಿಚ್ಚಿ, ಮತ್ತೆ ಹೊಲಿದು ನೆಟ್ಟಗೆ ಮಾಡುವಷ್ಟರಲ್ಲಿ ಮಗುವೇ ಬೆಳೆದುಬಿಟ್ಟಿತು. ಇವತ್ತು ಅದರ ತಾಯಿ ಹೊಸ ಬಟ್ಟೆ ತಂದು, ನನ್ನ ಮಷಿನ್ ದಾಟಿಹೋಗಿ, ಪಕ್ಕದ ಮಷಿನ್‌ನಲ್ಲಿ ಹೊಲಿಯುವ ನನ್ನ ಓರಗಿತ್ತಿಯ ಕೈಗೆ ಕೊಟ್ಟಳು. ಸಂಜೆಗೆ ಫ್ರಾಕು ತಯಾರು. ಮಗು ಅದನ್ನು ತೊಟ್ಟು ಬೀದಿಯೆಲ್ಲ ಕುಣಿಯಿತು.

“ಕಾಲರ್ ಸೊಟ್ಟಗಿದೆ ಕಣೇ,” ಎಂದೆ.

“ಗೊತ್ತು ಅಕ್ಕ. ನಿಮ್ಮ ಕೈ ನನಗೆಲ್ಲಿ ಬರಬೇಕು? ಆದ್ರೆ ಮಗು ಕಾಯುತ್ತಾ?”

ಅವಳಿಗೆ ಸೊಟ್ಟ ಕಾಣುವುದೇ ಇಲ್ಲ ಎಂದುಕೊಂಡು ಇಷ್ಟು ದಿನ ಸಮಾಧಾನಪಟ್ಟಿದ್ದೆ. ಕಂಡೂ ಕೊಟ್ಟುಬಿಡುತ್ತಾಳೆ!

ನಾಳೆ ಡಾಕ್ಟರಮ್ಮನ ಕೋಟು ಕೊಡಬೇಕು. ಎಡತೋಳು ಒಂದು ನೂಲಿನಷ್ಟು ಉದ್ದವಾಗಿದೆ. ಬಿಚ್ಚುವುದಿಲ್ಲ. ರಾತ್ರಿ ಮನಸ್ಸು ತಡೆಯದೆ ಬಿಚ್ಚಿಬಿಟ್ಟೇನೆಂದು ಕತ್ತರಿಯನ್ನು ಓರಗಿತ್ತಿಯ ಕೈಗೇ ಕೊಟ್ಟು ಬಂದೆ.

ಪಕ್ಕದ ಕೋಣೆಯಲ್ಲಿ ಅವಳು ಗೊರಕೆ ಹೊಡೆಯುತ್ತಿದ್ದಾಳೆ. ಆ ನಿದ್ದೆಯಾದರೂ ನನಗೆ ಬರಬಾರದೇ…