ಮಗುವಿಗೆಂದು ಬೀಸಿದ ಹಿಟ್ಟು

ಗಿರಣಿ ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಕ್ಷೇಮವಾಗಿದ್ದೀರಾ? ಭಾವನವರ ಬೆನ್ನುನೋವು ಕಡಿಮೆಯಾಯಿತಾ? ಹೊಸ ಮನೆಯ ಮೆಟ್ಟಿಲು ಬಲು ಕಡಿದು ಎಂದು ಕೇಳಿದೆ, ನಿಮ್ಮ ಮಂಡಿ ಜೋಪಾನ. ನಮ್ಮ ಮಿಡತೆ ಹೇಗಿದ್ದಾಳೆ? ನಡೆಯುವ ಕಡೆಯೆಲ್ಲ ಹಾರಿಕೊಂಡೇ ಹೋಗುತ್ತಿದ್ದ ಹುಡುಗಿ ಈಗಲೂ ಹಾರುತ್ತಾಳೋ, ಇಲ್ಲಾ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತಾಳೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಮಾವನವರ ಕೆಮ್ಮು ಇದ್ದ ಹಾಗೇ ಇದೆ. ವಯಸ್ಸೆಲ್ಲ ಗಿರಣಿಯ ಧೂಳಿನಲ್ಲಿ ಕಳೆದವರಿಗೆ ಕೆಮ್ಮು ಬಾರದೆ ಇನ್ನೇನು ಬಂದೀತು. ನಿಮ್ಮ ತಮ್ಮ ನೋಡುವವರ ಕಣ್ಣಿಗೆ ಚೆನ್ನಾಗಿದ್ದಾರೆ. ನಾನು ಹೇಗಿದ್ದೇನೆ ಎಂದು ನೀವು ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ.

ಫೋನು ಮಾಡಿದರೆ ನನ್ನ ನಂಬರು ನೋಡಿ ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಮಾವ ಇವತ್ತು ಮಿಡತೆಗೆಂದು ಇನ್ನೊಂದು ಟಿನ್ನು ಹಿಟ್ಟು ಬೀಸುತ್ತಿದ್ದಾರೆ. ಗಿರಣಿಗೆ ಕಾಳು ತರುವ ಲಾರಿಯವನು ಮಧ್ಯಾಹ್ನ ನಿಮ್ಮ ಕಡೆ ಹೊರಟಿದ್ದಾನೆ, ಟಿನ್ನಿನ ಜೊತೆ ಇದನ್ನೂ ಅವನ ಕೈಗೆ ಕೊಡುತ್ತೇನೆ. ನಿನ್ನೆ ನೀವು ನಿಮ್ಮ ತಮ್ಮನ ಹತ್ತಿರ ಆಡಿದ್ದು ನನ್ನ ಕಿವಿಗೂ ಬಿತ್ತು. ಅವರು ಫೋನು ಹಿಡಿದರೆ ಈ ಕಡೆಯ ಮಾತು, ಆ ಕಡೆಯ ಮಾತು ಎರಡೂ ಬೀದಿಗೆಲ್ಲ ಕೇಳಿಸುತ್ತದೆ, ನಿಮಗೆ ಗೊತ್ತಲ್ಲ. ಮಗುವಿಗೆ ಮತ್ತೆ ವಾಂತಿಯಂತೆ, ಮತ್ತೆ ಹೊಟ್ಟೆ ಉಬ್ಬರವಂತೆ, ತೂಕ ಇಳಿದಿದೆಯಂತೆ. ಕೇಳಿ ತೊಳೆಯುತ್ತಿದ್ದ ಪಾತ್ರೆ ಅಲ್ಲೇ ಬಿಟ್ಟು ಬಾಗಿಲಿಗೆ ಬಂದೆ. ಆಮೇಲೆ ನೀವು ಹೇಳಿದಿರಿ, "ನಿನ್ನ ಹೆಂಡತಿ ತಿನ್ನಿಸಿದ್ದು ಇನ್ನೂ ನನ್ನ ಮಗಳ ಮೈಯಿಂದ ಹೋಗಿಲ್ಲ." ಅಕ್ಕಾ, ನೀವು ಇಲ್ಲಿಂದ ಹೋಗಿ ಮೂರು ತಿಂಗಳಾಯಿತು. ನನ್ನ ಕೈ ಅಷ್ಟು ಉದ್ದವಾ?

ಭಾವನವರಿಗೆ ವರ್ಗವಾಗಿ, ನೀವು ಮಗುವನ್ನು ಕರೆದುಕೊಂಡು ಈ ಮನೆಗೆ ಬಂದ ದಿನ ನೆನಪು ಮಾಡಿಕೊಳ್ಳಿ. ಡಾಕ್ಟರು ಆಗಷ್ಟೇ ಹೇಳಿದ್ದರು: ಈ ಮಗುವಿನ ಕರುಳಿಗೆ ಗೋಧಿ ಆಗದು, ಚಿಟಿಕೆಯಷ್ಟು ಒಳಗೆ ಹೋದರೂ ಗಾಯ, ಹಾಲೂ ಆಗದು, ಬೆಣ್ಣೆ ಮೊಸರು ಯಾವುದೂ ಬೇಡ. ಹಿಟ್ಟಿನ ಗಿರಣಿಯವರ ಮೊಮ್ಮಗಳಿಗೆ ಗೋಧಿ ಆಗದಂತೆ ಎಂದು ಮಾವ ಮೊದಲು ನಕ್ಕರು, ಆಮೇಲೆ ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಒಬ್ಬರೇ ಕೂತರು. ನೀವು ಇಲ್ಲೇ ಒಂದು ಕೆಲಸ ಹಿಡಿದಿರಿ, ಮಗು ನನ್ನ ಪಾಲಿಗೆ ಬಂತು. ನಾನು ಒಲ್ಲೆ ಎನ್ನಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಖಾಲಿ ಇದ್ದ ಮಡಿಲು ಒಲ್ಲೆ ಎನ್ನುತ್ತದೆಯೇ? ಒಂದು ದಿನ ಶಾಲೆಯಲ್ಲಿ ಯಾರದೋ ಹುಟ್ಟಿದ ದಿನ. ಕರೆತರಲು ಹೋದಾಗ ಎಲ್ಲ ಮಕ್ಕಳ ಬಾಯಿಗೂ ಕ್ರೀಮು ಮೆತ್ತಿತ್ತು, ಇವಳು ಮಾತ್ರ ಕಿಟಕಿಯ ಹತ್ತಿರ ಒಂದು ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ದಾರಿಯಲ್ಲಿ ಕೇಳಿದಳು, "ಅತ್ತೆ, ನಂಗೆ ಯಾವತ್ತೂ ಬಿಸ್ಕತ್ತು ಇಲ್ವಾ?" ಆವತ್ತೇ ನನ್ನ ಹುಚ್ಚು ಶುರುವಾಯಿತು.

ಮೊದಲ ಸಲ ಮಾಡಿದ ಜೋಳದ ಬಿಸ್ಕತ್ತು ಎತ್ತಿದರೆ ಮರಳು. ಎರಡನೆಯ ಸಲದ್ದು ಕಚ್ಚಿದರೆ ಹಲ್ಲಿಗೇ ಅಪಾಯ. ನಿಮ್ಮ ತಮ್ಮ ಒಂದನ್ನು ಮೇಜಿಗೆ ಕುಟ್ಟಿ ನೋಡಿ, ಇನ್ನೂ ನಾಲ್ಕು ತಟ್ಟೆ ಮಾಡು, ಕಾಂಪೌಂಡು ಕಟ್ಟಿಸುತ್ತೇನೆ ಎಂದರು; ಆದರೂ ಅಷ್ಟನ್ನೂ ತಿಂದು ಮುಗಿಸಿ, ಅನ್ನ ಹಳಸಿತ್ತು ನಾಯಿ ಹಸಿದಿತ್ತು ಎಂದು ತಮ್ಮನ್ನು ತಾವೇ ಆಡಿಕೊಂಡರು. ಗೋಧಿ ಇಲ್ಲದ ಹಿಟ್ಟಿಗೆ ಒಂದನ್ನೊಂದು ಹಿಡಿದುಕೊಳ್ಳುವ ಬುದ್ಧಿ ಇಲ್ಲ, ನಮ್ಮ ಮನೆಯವರ ಹಾಗೇ. ಅಗಸೆಬೀಜದ ಪುಡಿ ನೆನೆಸಿದರೆ ಲೋಳೆ ಬರುತ್ತದೆ, ಅದು ಹಿಟ್ಟನ್ನು ಹಿಡಿಯುತ್ತದೆ ಎಂದು ತಿಳಿಯುವಷ್ಟರಲ್ಲಿ ನನ್ನ ಕೈಯೆಲ್ಲ ಓವನ್ನಿನ ಬೊಬ್ಬೆ. ಬೆಣ್ಣೆಗೆ ಬದಲು ಕೊಬ್ಬರಿ ಎಣ್ಣೆ, ಹಾಲಿಗೆ ಬದಲು ತೆಂಗಿನಕಾಯಿ ಹಾಲು, ಸಕ್ಕರೆಗೆ ಬದಲು ಬೇಯಿಸಿ ಅರೆದ ಖರ್ಜೂರ. ಜೋಳದ ಹಿಟ್ಟಿಗೆ ಅರ್ಧದಷ್ಟು ಅಕ್ಕಿಹಿಟ್ಟು, ಮೇಲೆ ಹುರಿದ ಎಳ್ಳು. ಚುಕ್ಕೆ ಬಿದ್ದ ಬಾಳೆಹಣ್ಣಿನಲ್ಲಿ ಮಾಡಿದ ಕೇಕು ನಟ್ಟ ನಡುವೆ ಬಾವಿಯ ಹಾಗೆ ಕುಸಿದಿತ್ತು. ಮಿಡತೆ ಆ ಬಾವಿಗೆ ಕಡಲೆಕಾಯಿ ಬೀಜ ತುಂಬಿಕೊಂಡು ತಿಂದು, ಮುಂದಿನ ಸಲವೂ ಬಾವಿ ಇರಲೇಬೇಕು ಎಂದು ಹಟ ಹಿಡಿದಳು. ನನಗೆ ಬಿಸ್ಕತ್ತತ್ತೆ ಎಂದು ಹೆಸರಿಟ್ಟವಳೂ ಅವಳೇ. ಈ ಮನೆಗೆ ಬಂದ ಮೇಲೆ ನನಗೆ ಅಕ್ಕರೆಯಿಂದ ಯಾರೂ ಒಂದು ಹೆಸರು ಇಟ್ಟಿರಲಿಲ್ಲ.

ಎಷ್ಟು ಎಚ್ಚರದಲ್ಲಿದ್ದೆ ಎಂದು ನೀವೇ ಕಂಡಿದ್ದೀರಿ. ಅವಳ ಪಾತ್ರೆ ಬೇರೆ, ಜರಡಿ ಬೇರೆ, ಲಟ್ಟಣಿಗೆ ಬೇರೆ, ಕೈ ಒರೆಸುವ ಬಟ್ಟೆ ಕೂಡ ಬೇರೆ. ಗಿರಣಿಯಿಂದ ಬಂದವರು ಕೈಕಾಲು ತೊಳೆದು ಅಂಗಿ ಬದಲಿಸದೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ, ಮಾವನವರೂ ಸೇರಿ. ಪಾಪ, ಅವರು ಒಂದು ದಿನವೂ ಗೊಣಗಲಿಲ್ಲ. ವಾರವೆಲ್ಲ ಗೋಧಿ ಬೀಸುವ ಕಲ್ಲು ಎಂದು, ಮಗುವಿನ ಜೋಳ, ಅಕ್ಕಿಯನ್ನು ಗಿರಣಿಗೆ ರಜೆಯಿರುವ ಭಾನುವಾರವೇ ಬೀಸುತ್ತಿದ್ದರು, ಕದ ಹಾಕಿಕೊಂಡು, ಒಬ್ಬರೇ. ನಾನು ಸಹಾಯಕ್ಕೆ ಹೋದರೆ ಬೆಲ್ಟಿಗೆ ಬಟ್ಟೆ ಸಿಕ್ಕೀತು ಎಂದು ಬಾಗಿಲಿನಿಂದಲೇ ಅಟ್ಟುತ್ತಿದ್ದರು. ಒಮ್ಮೆ ಅನುಮಾನ ಬಂದು ಕೇಳಿಯೂ ಕೇಳಿದ್ದೆ, ಕಲ್ಲಿನ ಸಂದಿಯಲ್ಲಿ ಗೋಧಿ ಉಳಿದಿರುತ್ತದಲ್ಲ ಮಾವ ಎಂದು. "ಅವಳಿಗೆ ಬೀಸೋವಾಗ ಕಲ್ಲು ಚೊಕ್ಕ ಮಾಡದೇ ಬಿಡ್ತೀನೇನಮ್ಮ?" ಎಂದರು. ಅವರ ಮುಖ ಸಣ್ಣದಾಯಿತು. ಮತ್ತೆ ಕೇಳುವ ಮನಸ್ಸು ನನಗೆ ಬರಲಿಲ್ಲ.

ಇಷ್ಟಾದರೂ ಮಗು ಸೊರಗುತ್ತಲೇ ಹೋಯಿತು. ಮೂರನೆಯ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಕನ್ನಡಕ ತೆಗೆದು, ಮನೆಯಲ್ಲಿ ಯಾರೋ ಈ ಮಗುವಿಗೆ ಗೋಧಿ ತಿನ್ನಿಸುತ್ತಿದ್ದಾರೆ ಎಂದರು. ಮನೆಗೆ ಬಂದು ನೀವು ಚಪ್ಪಲಿ ಕೂಡ ಬಿಡಲಿಲ್ಲ. ಬಿಸ್ಕತ್ತಿನ ಡಬ್ಬಿ ತೆಗೆದು ಕಸದ ಬುಟ್ಟಿಗೆ ಬಗ್ಗಿಸಿದಿರಿ. ಮಾವನವರನ್ನು ಕೇಳಿದಿರಿ, ಅವರು ಹಿಟ್ಟಿನಲ್ಲಿ ದೋಷವಿಲ್ಲ, ನನ್ನ ಕೈಯಾರೆ ಬೀಸಿದ್ದು ಎಂದರು. ಹಿಟ್ಟಿನಲ್ಲಿ ಇಲ್ಲ ಎಂದ ಮೇಲೆ ಇನ್ನೆಲ್ಲಿ? ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಆಗ ನೀವು ಹೇಳಿದ ಮಾತು ನಿಮಗೆ ಮರೆತಿರಬಹುದು, ಆಡಿದವರಿಗೆ ಮರೆಯುತ್ತದೆ. "ಮಕ್ಕಳಿಲ್ಲದವಳ ಕೈಗೆ ಮಗು ಕೊಟ್ಟದ್ದು ನನ್ನದೇ ತಪ್ಪು. ಇವಳು ಈ ಅಡುಗೆಮನೆಯಲ್ಲಿ ಇರೋ ತನಕ ನನ್ನ ಮಗಳು ಇಲ್ಲಿಗೆ ಬರಲ್ಲ." ಮಗು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿತ್ತು. ನಿಮ್ಮ ತಮ್ಮ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು, ಅದರಲ್ಲಿ ಏನು ಕಂಡರೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಹೇಗಿರುತ್ತದೆ ಎಂದು ಎಮ್ಮೆಯನ್ನೇ ಕೇಳಬೇಕು. ಸಂಜೆ ಭಾವನವರಿರುವ ಊರಿಗೆ ಹೊರಟಿರಿ. ನನ್ನ ಡಬ್ಬಿ ಕಸಕ್ಕೆ, ಮಾವ ತುಂಬಿಕೊಟ್ಟ ಹಿಟ್ಟಿನ ಟಿನ್ನು ನಿಮ್ಮ ಮಡಿಲಿಗೆ. ಅಲ್ಲಿ ಈಗ ನನ್ನ ಅಳತೆಯಲ್ಲೇ ಬಿಸ್ಕತ್ತು ಮಾಡುತ್ತೀರಂತೆ. ಅಗಸೆಬೀಜ ಎಷ್ಟು ಹೊತ್ತು ನೆನೆಸಬೇಕು ಎಂದು ತಮ್ಮನ ಮೂಲಕ ಕೇಳಿಸಿದಿರಲ್ಲ, ಹೇಳಿಕೊಟ್ಟವಳೂ ನಾನೇ. ಮಾಡಿದವಳು ಬೇಡ, ಮಾಡುವ ಬಗೆ ಬೇಕು.

ನಿಮ್ಮ ಸಿಟ್ಟು ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಹೆತ್ತವರಿಗೆ ಕಣ್ಣೆದುರೇ ಮಗು ಸೊರಗಿದರೆ ಯಾರ ಕತ್ತು ಹಿಡಿಯಲಿ ಎನ್ನಿಸುತ್ತದೆ. ಆದರೆ ನನ್ನ ಕತ್ತು ಹಿಡಿದಿರಿ, ಹಿಡಿದವರು ಬಿಡಲಿಲ್ಲ. ಈಗ ನಿಮ್ಮ ಅಡುಗೆಮನೆಯಲ್ಲಿ ನಾನಿಲ್ಲ, ಮಗು ಮತ್ತೆ ಮಲಗಿದೆ. ಇನ್ನಾದರೂ ಯೋಚನೆ ಮಾಡಿ. ಈ ಪತ್ರಕ್ಕೆ ಉದ್ದದ ಉತ್ತರ ಬೇಡ. "ನೀನಲ್ಲ" ಎಂಬ ಒಂದೇ ಮಾತು ಬೇಕು, ಅದನ್ನು ಮಾವನವರ ಎದುರಿಗೆ, ನಿಮ್ಮ ತಮ್ಮನ ಎದುರಿಗೆ, ಅದೇ ಹಜಾರದಲ್ಲಿ ನಿಂತು ಹೇಳಬೇಕು. ಅಲ್ಲಿಯ ತನಕ ನನ್ನ ಮನಸ್ಸು ತಣ್ಣಗಾಗುವುದಿಲ್ಲ. ಒಳ್ಳೆಯವಳ ಹಾಗೆ ನಟಿಸಿ ನನಗೂ ಸಾಕಾಗಿದೆ.

ಭಾವನವರಿಗೆ ನಮಸ್ಕಾರ ತಿಳಿಸಿ. ಮಿಡತೆಯ ನೆತ್ತಿಗೊಂದು ಮುತ್ತು ಕೊಡಿ. ಯಾರದು ಎಂದು ಹೇಳಲೇಬೇಕಾಗಿಲ್ಲ. ದೊಡ್ಡವರು ನೀವು, ನಿಮಗೂ ನಮಸ್ಕಾರ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಅಕ್ಕಾ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಲಾರಿ ಬಾಗಿಲಲ್ಲಿ ನಿಂತಿದೆ. ಆ ಹಿಟ್ಟನ್ನು ಮಗುವಿಗೆ ಕೊಡಬೇಡಿ. ಈಗ ಬರುವ ಟಿನ್ನಿನದೂ ಬೇಡ, ನಿಮ್ಮಲ್ಲಿ ಉಳಿದಿರುವುದೂ ಬೇಡ. ಲಾರಿ ಬಂತೆಂದು ಕರೆಯಲು ಗಿರಣಿಗೆ ಹೋದೆ. ಕದ ಸ್ವಲ್ಪ ತೆರೆದಿತ್ತು. ಮಾವ ಬ್ರಷ್ಷು ಹಿಡಿದು ಕಲ್ಲು ಗುಡಿಸಿದರು, ಊದಿದರು, ಆಮೇಲೆ ಗಿರಣಿ ಓಡಿಸಿ ಅದರ ಬಾಯಿಗೆ ಎರಡು ಹಿಡಿ ಗೋಧಿ ಸುರಿದರು. ಗೋಧಿ, ಅಕ್ಕಾ. ಒಂದು ಕಾಳು ಬೀಸಿ ಇನ್ನೊಂದು ಬೀಸುವ ಮೊದಲು ಕಲ್ಲಿನಲ್ಲಿ ಉಳಿದಿದ್ದನ್ನೆಲ್ಲ ತಳ್ಳಿ ತೆಗೆಯಲು ಅವರ ತಂದೆಯ ಕಾಲದಿಂದ ಮಾಡುವ ಕ್ರಮವಂತೆ. ಅದರ ಹಿಟ್ಟನ್ನು ಪಕ್ಕಕ್ಕೆ ಚೆಲ್ಲಿ, ಅದರ ಹಿಂದೆಯೇ ಮಗುವಿನ ಜೋಳ ಹಾಕಿದರು. ಏನು ಮಾವ ಇದು ಎಂದೆ. ನಗುತ್ತಾ ಹೇಳಿದರು, "ಬೇರೆಯವರಿಗಾದ್ರೆ ಮುಗ್ಗಲು ಗೋಧಿ ಹಾಕಿ ಕಲ್ಲು ಚೊಕ್ಕ ಮಾಡ್ತೀನಮ್ಮ. ಮಗೂಗೆ ಅಂತ ಒಳ್ಳೇ ಗೋಧೀನೇ ಹಾಕ್ತೀನಿ."

ಲಾರಿ ಬಂತು ಎಂದಷ್ಟೇ ಹೇಳಿ ಮನೆಗೆ ಓಡಿ ಬಂದೆ. ನಿಮಗೆ ಫೋನು ಮಾಡಿದೆ, ಎತ್ತಲಿಲ್ಲ. ನಿಮ್ಮ ತಮ್ಮನಿಗೆ ಹೇಳಿದರೆ ಅವರು ಮಾವನ ಮುಂದೆಯೇ ಕೂಗಾಡುತ್ತಾರೆ. ಆ ಜೀವಕ್ಕೆ ಇದು ಗೊತ್ತಾದರೆ ಇನ್ನು ಗಿರಣಿಯ ಕದ ತೆಗೆಯುವುದಿಲ್ಲ, ಊಟಕ್ಕೂ ಏಳುವುದಿಲ್ಲ. ಎದುರಿಗೆ ದಿನಾ ಬಡಿಸುವವಳು ನಾನು, ನೋಡಲು ನನ್ನಿಂದಾಗದು. ಮೇಲೆ ಕೇಳಿದ ಆ ಮಾತು ನನಗೀಗ ಬೇಡ. ಹಜಾರದಲ್ಲಿ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಮತ್ತೆ ಯಾರು ಎಂದೇ ಬರುತ್ತದೆ. ಯಾರಾದರೂ ಕೇಳಿದರೆ ನನ್ನ ಕೈಯೇ ಎನ್ನಿ. ಹೇಗೂ ಹೇಳಿಯಾಗಿದೆ, ನೀವು ಹೊಸದಾಗಿ ಏನೂ ಹೇಳಬೇಕಾಗಿಲ್ಲ. ಗೋಧಿ ಮುಟ್ಟದ ಹೊಸ ಮಿಕ್ಸಿ ಜಾರು ತನ್ನಿ, ಕಾಳು ತೊಳೆದು ಒಣಗಿಸಿ ಮನೆಯಲ್ಲೇ ಪುಡಿ ಮಾಡಿ, ಜರಡಿಯನ್ನೂ ಬದಲಿಸಿ. ಇನ್ನು ಮೇಲೆ ಹಿಟ್ಟು ಅಲ್ಲೇ ಸಿಗುತ್ತದೆ, ಅಪ್ಪಾ ನೀವು ದಣಿಯಬೇಡಿ ಎಂದು ನೀವೇ ಉಪಾಯದಿಂದ ಹೇಳಿ. ಮಗು ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡಷ್ಟೂ ನನ್ನ ಕೈ ತಪ್ಪಿದ್ದರಿಂದಲೇ ಎಂದು ಇಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ನಿಮಗೊಬ್ಬರಿಗೆ ಗೊತ್ತಿರಲಿ. ಈ ಪತ್ರ ಸುಟ್ಟುಬಿಡಿ. ಹಿಟ್ಟು ಚೆಲ್ಲಿ, ಟಿನ್ನು ತೊಳೆದು ಲಾರಿಯವನ ಕೈಯಲ್ಲಿ ವಾಪಸು ಕಳಿಸಿ, ರಾತ್ರಿ ಮಾವನಿಗೆ ಫೋನು ಮಾಡಿ ಹಿಟ್ಟು ತುಂಬಾ ಚೆನ್ನಾಗಿದೆ ಎನ್ನಿ.