ಎಲ್ಲಿ ಉಳಿಯಬೇಕು, ಏನು ನೋಡಬೇಕು ಅಂತ ಕೇಳಿದವಳಿಗೆ

ಲೆಸ್ಟೆರ್, ಕ್ಯಾರಿಯಾಕೂ ದ್ವೀಪ
೯ ಜನವರಿ ೧೯೯೪, ಭಾನುವಾರ

ಇಂಗ್ಲೆಂಡಿನ ದೊಡ್ಡ ಮನುಷ್ಯಳಾದ ನನ್ನ ತಂಗಿ ಸಿಸ್ಲಿನ್‌ಗೆ,

ನಿನ್ನ ಕಾಗದ ಬಂತು. ಅಮ್ಮ ಹೋದ ಮೇಲೆ ಆರು ವರ್ಷ ಒಂದು ಸಾಲೂ ಬರೆಯದವಳ ಕೈಬರಹ ನೋಡಿ ಯಾರೋ ಸತ್ತರು ಅಂದುಕೊಂಡೆ. ಒಡೆದು ನೋಡಿದರೆ, ಸದ್ಯ, ಯಾರೂ ಸತ್ತಿಲ್ಲ. ನೀನೂ ನಿನ್ನ ಗಂಡ ಡೆರಿಕ್ಕೂ ಫೆಬ್ರವರಿಯಲ್ಲಿ ರಜೆ ಕಳೆಯಲು ಒಂದು ಕೆರಿಬಿಯನ್ ದ್ವೀಪಕ್ಕೆ ಬರುತ್ತಿದ್ದೀರಂತೆ. ಅಲ್ಲಿ ಎಲ್ಲಿ ಉಳಿದುಕೊಂಡರೆ ಚೆನ್ನ, ನಾಲ್ಕು ದಿನದಲ್ಲಿ ಏನೇನು ನೋಡಬಹುದು, ಸ್ವಲ್ಪ ತಿಳಿಸು ಅಂತ ಬರೆದಿದ್ದೀಯ. ತಿಳಿಸುತ್ತೇನೆ ಕಣೇ, ತಿಳಿಸದೆ ಏನು! ನಿನ್ನ ಹೊಕ್ಕುಳಬಳ್ಳಿಯನ್ನು ಯಾವ ತೆಂಗಿನ ಬುಡದಲ್ಲಿ ಹೂತರು ಅನ್ನುವುದೂ ನನಗೆ ಗೊತ್ತು. ಆ ದ್ವೀಪ ನನಗೆ ಅಷ್ಟು ಚೆನ್ನಾಗಿ ಪರಿಚಯ.

ಮೊದಲು ಡೆರಿಕ್ ಕೇಳಿಸಿದ ಪ್ರಶ್ನೆಗಳು. ಅಳಿಯದೇವರನ್ನು ಕಾಯಿಸಬಾರದು. ಅಲ್ಲಿನ ನೀರು ಕುಡಿಯಬಹುದೇ? ಛಾವಣಿಯಿಂದ ತೊಟ್ಟಿಗೆ ಇಳಿದ ಆ ಮಳೆನೀರನ್ನೇ ನೀನು ಹತ್ತೊಂಬತ್ತು ವರ್ಷ ಕುಡಿದೆ, ಕೆಲವು ಸಲ ಗೊದಮೊಟ್ಟೆಯ ಸಮೇತ. ಗಂಡನಿಗೆ ಇದನ್ನು ಹೇಳಿಲ್ಲ ಅಂತ ಕಾಣುತ್ತದೆ. ಸೊಳ್ಳೆ ಇವೆಯೇ? ಇವೆ. ಪೇಟೆಯಲ್ಲಿ ಕಳ್ಳತನ ಉಂಟೇ? ಕದಿಯಲು ಏನಾದರೂ ಇದ್ದರೆ ತಾನೇ. ಸ್ಥಳೀಯರು ಸ್ನೇಹದಿಂದ ಮಾತಾಡುತ್ತಾರೆಯೇ? ಎಲ್ಲರೂ ಮಾತಾಡುತ್ತಾರೆ, ಒಬ್ಬಳನ್ನು ಬಿಟ್ಟು. ಆ ಒಬ್ಬಳ ಮನೆ ಲೆಸ್ಟೆರ್‌ನಲ್ಲಿ, ದಾರಿ ನಿನಗೆ ಗೊತ್ತು.

ಇನ್ನು ಉಳಿಯುವ ಜಾಗ. ಕೊಲ್ಲಿಯ ಪಕ್ಕದಲ್ಲಿ ಕೋರಲ್ ರೆಸ್ಟ್ ಅಂತ ಹೊಸ ಹೋಟೆಲಾಗಿದೆ. ಅಲೆ ಬಂದು ಅದರ ಮೆಟ್ಟಿಲು ನೆಕ್ಕಿ ಹೋಗುತ್ತದೆ, ಅಷ್ಟು ಹತ್ತಿರ ಸಮುದ್ರ. ಆದರೂ ಅಂಗಳದಲ್ಲಿ ಈಜುಕೊಳ ತೋಡಿಸಿದ್ದಾರೆ. ದುಡ್ಡು ಕೊಟ್ಟು ಬಂದವರು ಆ ಗುಂಡಿಯೊಳಗೆ ಕುತ್ತಿಗೆವರೆಗೆ ಮುಳುಗಿ ಕೂತು, ಆಚೆಗಿರುವ ಸಮುದ್ರ ಎಷ್ಟು ಚೆನ್ನಾಗಿದೆ ಅಂತ ಮಾತಾಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ನಾವು ಪಾತ್ರೆ ತೊಳೆದ ನೀರನ್ನು ತೊಗರಿ ಗಿಡಕ್ಕೆ ಹಾಕುವ ಊರಲ್ಲಿ ಆ ಗುಂಡಿ ಯಾವತ್ತೂ ತುಂಬಿರುತ್ತದೆ. ಡೆರಿಕ್‌ಗೆ ಇಷ್ಟವಾಗಬಹುದು.

ಅದು ಬೇಡವಾದರೆ ಆರ್ಡಿನ್ ಲಂಡಿಯ ಕಾಟೇಜು. ಹೌದು, ಶಾಲೆಯಲ್ಲಿ ನಿನ್ನ ಪಕ್ಕ ಕೂತು ನಿನಗೆ ಹೇನು ಹತ್ತಿಸಿದ ಅದೇ ಆರ್ಡಿನ್. ಈಗ ಅವಳನ್ನು ಮೇಡಂ ಅನ್ನಬೇಕು. ಮನೆಗೆ ಗುಲಾಬಿ ಬಣ್ಣ ಬಳಿದು, ಹಮ್ಮಿಂಗ್‌ಬರ್ಡ್ ಅಂತ ಬೋರ್ಡು ಹಾಕಿದ್ದಾಳೆ. ಹಕ್ಕಿ ಒಂದೂ ಇಲ್ಲ, ಕೋಳಿ ಇವೆ. ಬೆಳೆ ಕೊಯ್ದ ಮೇಲೆ ನಮ್ಮಲ್ಲಿ ಮೇಕೆ, ಕುರಿ, ದನ ಎಲ್ಲವನ್ನೂ ಹಗ್ಗ ಬಿಚ್ಚಿ ಊರಮೇಲೆ ಬಿಡುತ್ತೇವಲ್ಲ, ಅದನ್ನೂ ಅವಳು ಮರೆತಿದ್ದಾಳೆ. ಹೋದ ವರ್ಷ ನನ್ನ ಮೇಕೆ ಅವಳ ದಾಸವಾಳವನ್ನೆಲ್ಲ ಬೋಳಿಸಿದಾಗ ಕೆಂಡಾಮಂಡಲವಾಗಿ ಬಂದಳು. "ಫ್ರೀಡಾ, ನಿನ್ನ ಮೇಕೆಗೆ ಸ್ವಲ್ಪ ಬುದ್ಧಿ ಹೇಳೇ, ನನ್ನ ಗೆಸ್ಟುಗಳು ಹೆದರ್ಕೋತಾರೆ" ಅಂದಳು. "ನಿನ್ನ ಗೆಸ್ಟುಗಳಿಗೇ ಬುದ್ಧಿ ಹೇಳು ತಾಯಿ, ಮೇಕೆ ಅವರಿಗಿಂತ ಮೊದಲು ಬಂದಿದ್ದು" ಅಂದೆ. ಮಾತು ಬಿಟ್ಟಿದ್ದಾಳೆ. ಆದರೂ ನೀನು ಅವಳಲ್ಲಿ ಉಳಿಯಬಹುದು, ಹಾಸಿಗೆ ಮೆತ್ತಗಿದೆಯಂತೆ.

ನಮ್ಮ ಮನೆಯ ಮಾತು ನಿನ್ನ ಕಾಗದದಲ್ಲಿ ಎಲ್ಲೂ ಇಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇರಲಿ, ಇದ್ದಿದ್ದರೂ ಜಾಗವಿಲ್ಲ ಅನ್ನುತ್ತಿದ್ದೆ. ನಿನ್ನ ಹಳೆಯ ಕೋಣೆಯ ಮಂಚದ ಮೇಲೆ ಈಗ ಬೇರೆಯವರಿದ್ದಾರೆ.

ನೋಡುವ ಜಾಗಗಳಿಗೆ ಬರೋಣ. ಸ್ಯಾಂಡಿ ಐಲ್ಯಾಂಡಿಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಒಂದಿಷ್ಟು ಮರಳು, ನಾಲ್ಕು ತೆಂಗು, ಅದರ ಕೆಳಗೆ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿದ ಜನ. ಪೇಟೆಯಲ್ಲಿ ಮ್ಯೂಸಿಯಂ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಮರದ ಒರಳು, ಒಂದು ಒನಕೆ. ನಮ್ಮದನ್ನೂ ಕೊಡಿ ಅಂತ ಒಬ್ಬ ಕನ್ನಡಕದವನು ಮನೆಗೆ ಬಂದಿದ್ದ. "ಹಳೇ ಕಾಲದ ವಸ್ತು, ಉಳಿಸಬೇಕಮ್ಮಾ" ಅಂದ. ಅದರಲ್ಲಿ ನಾನು ಆ ಹೊತ್ತಿಗೆ ಜೋಳ ಕುಟ್ಟುತ್ತಿದ್ದೆ. "ಉಳಿಸ್ತಾ ಇದೀನಲ್ಲಪ್ಪಾ, ಸ್ವಲ್ಪ ಆ ಕಡೆ ಸರಿ, ಒನಕೆ ತಾಗುತ್ತೆ" ಅಂದೆ. ನೀನು ಬಂದಾಗ ಗಾಜಿನೊಳಗಿನದನ್ನೇ ನೋಡು. ಅಂಗೈಗೆ ಬೊಬ್ಬೆ ಬರುವುದಿಲ್ಲ.

ಆಮೇಲೆ ಸಮುದ್ರದಂಚಿನ ಸ್ಮಶಾನ. ನಿಮ್ಮ ಪುಸ್ತಿಕೆಯಲ್ಲಿ "ಸುಂದರ ಹಳೆಯ ಸಮಾಧಿಗಳು" ಅಂತ ಚಿತ್ರ ಹಾಕಿದ್ದಾರೆ ಅಂದೆಯಲ್ಲ, ಅದೇ. ಸುಂದರವಾಗಿಯೇ ಇದೆ. ವರ್ಷ ವರ್ಷ ಸಮುದ್ರ ಒಳಗೆ ಬರುತ್ತಿದೆ, ಮುಂದಿನ ಸಾಲಿನವರು ಒಬ್ಬೊಬ್ಬರೇ ನೀರಿಗೆ ಇಳಿಯುತ್ತಿದ್ದಾರೆ. ಹೆಸರು ಕೆತ್ತಿದ ಕಲ್ಲು ಇದ್ದವರನ್ನು ಅವರ ಮಕ್ಕಳು ಗುರುತು ಹಿಡಿದು ಮೇಲಕ್ಕೆ ಸಾಗಿಸಿಕೊಂಡರು. ಕಲ್ಲು ಇಲ್ಲದವರು ಬರೀ ಮಣ್ಣಿನ ದಿಬ್ಬ, ಯಾರು ಅಂತ ಯಾರಿಗೆ ಗೊತ್ತು? ಡೆರಿಕ್ ಅಲ್ಲಿ ಫೋಟೋ ತೆಗೆಯುವಾಗ ಹೇಳು, ಎಡಗಡೆ, ಕಲ್ಲಿಲ್ಲದ್ದು, ಅವನ ಅತ್ತೆ.

ಹೌದು ಸಿಸ್ಲಿನ್, ಅಮ್ಮನಿಗೆ ಇನ್ನೂ ಕಲ್ಲು ಹಾಕಿಲ್ಲ. ಹುಬ್ಬೇರಿಸಬೇಡ. ಹೆತ್ತ ಮಕ್ಕಳಲ್ಲಿ ಬದುಕಿರುವವರೆಲ್ಲ ಬಂದು ಮೊಣಕಾಲೂರಿ ಸತ್ತವರ ಕ್ಷಮೆ ಬೇಡದೆ ಕಲ್ಲು ಇಡುವುದಿಲ್ಲ ಅನ್ನುವುದು ನಿನಗೆ ಗೊತ್ತಿಲ್ಲದ ಸಂಗತಿಯೇ? ಅಜ್ಜಿಯ ಕಲ್ಲು ಇಡುವ ಹಿಂದಿನ ರಾತ್ರಿ ಅದಕ್ಕೆ ಬಿಳಿ ಹಾಸು ಹೊದಿಸಿ ಮಂಚದ ಮೇಲೆ ಮಲಗಿಸಿದ್ದರು. ನೀನು ಅದರ ಪಕ್ಕ ಹೋಗಿ ಮಲಗಿ ಪೆಟ್ಟು ತಿಂದೆ. ಅಮ್ಮನ ಕಲ್ಲು ಕೆತ್ತಿ ತಂದು ಎರಡು ವರ್ಷವಾಯಿತು, ತೊಟ್ಟಿಯ ಹಿಂದೆ ಗೋಡೆಗೆ ಒರಗಿತ್ತು. ಊರವರ ಬಾಯಿ ಕೇಳಬೇಕೇ? "ನಿಮ್ಮಮ್ಮ ಇನ್ನೂ ನಿಂತೇ ಇದಾಳಲ್ಲೇ ಫ್ರೀಡಾ, ಪಾಪ, ಕಾಲು ನೋಯಲ್ವಾ?" ಅಂತ ಬಾವಿಕಟ್ಟೆಯಲ್ಲಿ ಆರ್ಡಿನ್ ಕೇಳಿದಳು. ಮಾತು ಬಿಟ್ಟವಳು ಅದನ್ನು ಕೇಳಲು ಮಾತ್ರ ಬಾಯಿ ತೆರೆದಳು. ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದೆ. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ನಿನ್ನ ಹೆಸರು ಹೇಳಿ ಕರೆದಳು. ನೀನು ಬರಲಿಲ್ಲ, ನೀನು ಅಲ್ಲಿಂದ ಸಾಮಾನು ತುಂಬಿ ಹಡಗಿಗೆ ಹಾಕಿದ ಪೀಪಾಯಿ ಬಂತು. ಸಾಬೂನು, ಡಬ್ಬಿಯ ಮೀನು, ಪ್ಲಾಸ್ಟಿಕ್ ಹೂವು, ಅಮ್ಮನಿಗೆ ಕೊನೆಗೆ ಉಡಿಸಲು ಅಂತ ಒಂದು ನೇರಳೆ ಉಡುಪು. ಸಮುದ್ರದಲ್ಲಿ ಮೀನು ತುಂಬಿರುವ ಊರಿಗೆ ಡಬ್ಬಿಯ ಮೀನು ಕಳಿಸಿದವಳು ನೀನೇ ಮೊದಲು. ಆ ಉಡುಪಿನಲ್ಲಿ ಇಬ್ಬರು ಅಮ್ಮಂದಿರು ಹಿಡಿಸುತ್ತಿದ್ದರು. ನಿನಗೆ ನೆನಪಿದ್ದದ್ದು ಆ ದಪ್ಪ ಅಮ್ಮ. ಕಾಯಿಲೆ ಅವಳನ್ನು ಎಷ್ಟು ಒಣಗಿಸಿತ್ತು ಅಂತ ನೋಡಿದ್ದರೆ ತಾನೇ ಅಳತೆ ತಿಳಿಯುವುದು. ಬೆನ್ನ ಹಿಂದೆ ಸೂಜಿ ಚುಚ್ಚಿ ಬಿಗಿ ಮಾಡಿ ಕಳಿಸಿಕೊಟ್ಟೆ. ಮುಂದಿನಿಂದ ನೋಡಿದವರಿಗೆ ಚೆನ್ನಾಗಿಯೇ ಕಂಡಿತು.

ಬಿಗ್ ಡ್ರಮ್ ಕುಣಿತ ನೋಡುವ ಆಸೆ ಡೆರಿಕ್‌ಗೆ ಬಹಳ ಇದೆ ಅಂತ ಬರೆದಿದ್ದೀಯ. ಕೋರಲ್ ರೆಸ್ಟಿನಲ್ಲಿ ಬುಧವಾರ ಬುಧವಾರ ಊಟದ ಜೊತೆ ಅದನ್ನೂ ಬಡಿಸುತ್ತಾರೆ. ಡ್ರಮ್ ಬಾರಿಸುವವನು ನಮ್ಮ ಕಾಲ್ಡರ್ ಮಾವನೇ. ಆದರೆ ಮೊದಲನೆಯ ಕುಣಿತವನ್ನು, ಸತ್ತವರ ಕ್ಷಮೆ ಬೇಡುವುದನ್ನು, ಅವನು ಅಲ್ಲಿ ಬಾರಿಸುವುದಿಲ್ಲ, ನೇರವಾಗಿ ಎರಡನೆಯದಕ್ಕೆ ಹೋಗುತ್ತಾನೆ. ಮ್ಯಾನೇಜರು "ಅದನ್ನೂ ಸೇರಿಸು, ಚೆನ್ನಾಗಿರುತ್ತೆ" ಅಂದನಂತೆ. "ಸೇರಿಸ್ತೀನಿ ಸ್ವಾಮಿ, ಮೊಣಕಾಲೂರೋದು ಯಾರು, ನೀವೋ, ನಿಮ್ಮ ಅಡಿಗೆಯವನೋ?" ಅಂದನಂತೆ ಮಾವ. 

ನೀವು ಬರುವುದು ಗುರುವಾರ, ಹೊರಡುವುದು ಸೋಮವಾರ. ಬುಧವಾರದ ಆಟ ನಿಮಗೆ ತಪ್ಪಿತು, ಪಾಪ. ಅದಕ್ಕೆ ಒಂದು ವಿಷಯ ತಿಳಿಸಿರುತ್ತೇನೆ. ಹನ್ನೆರಡನೇ ತಾರೀಖು ಶನಿವಾರ ಲೆಸ್ಟೆರ್‌ನಲ್ಲಿ ಒಂದು ಮನೆಯ ಅಂಗಳದಲ್ಲಿ ಡ್ರಮ್ ಇದೆ, ಕಲ್ಲಿನ ಊಟ ಇದೆ. ಟಗರು ಮೇಯುತ್ತಿದೆ. ಜೋಳದ ಹಿಟ್ಟಿನ ಮುದ್ದೆ, ತೊಗರಿಕಾಳು, ಜ್ಯಾಕ್ ಐರನ್ ರಮ್ ಎಲ್ಲಕ್ಕೂ ಹೇಳಿಯಾಗಿದೆ. ಹಿರಿಯರಿಗೆ ಎತ್ತಿಡುವ ತಟ್ಟೆಗೆ ಉಪ್ಪು ಹಾಕುವುದಿಲ್ಲ, ಅದನ್ನು ರುಚಿ ನೋಡಿ ಮುಖ ಸಿಂಡರಿಸಬೇಡ ಅಂತ ಡೆರಿಕ್‌ಗೆ ಮೊದಲೇ ಹೇಳಿಡು. ಪ್ರವಾಸಿಗರು ಬೇಲಿಯ ಆಚೆ ನಿಂತು ನೋಡಬಹುದು, ಯಾರೂ ಓಡಿಸುವುದಿಲ್ಲ. ನೀನೂ ಅವರ ಜೊತೆ ನಿಂತು ನೋಡು. ಬಿಸಿಲಿದ್ದರೆ ಟೋಪಿ ಹಾಕಿಕೋ.

ನೀನು ಒಳಗೆ ಬಂದರೂ ಸರಿ, ಬಾರದಿದ್ದರೂ ಸರಿ, ನಾನು ಕಲ್ಲು ಹಾಕಿಬಿಡುತ್ತೇನೆ ಅಂತ ಕಾಲ್ಡರ್ ಮಾವನಿಗೆ ಹೇಳಿದೆ. ಅವನು ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದವನು ತಲೆಯೆತ್ತಿ, "ಹಾಕು, ಯಾರು ಬೇಡ ಅಂದ್ರು? ನಾನು ಮಾತ್ರ ಮೊದಲನೆಯದು ಬಾರಿಸಲ್ಲ. ಒಂದು ಮಗು ಬೇಲಿ ಆಚೆ ನಿಂತಿರೋವಾಗ ಇನ್ನೊಂದು ಮೊಣಕಾಲೂರಿದ್ರೆ ನಿಮ್ಮಮ್ಮ ಯಾರನ್ನ ಕ್ಷಮಿಸ್ಬೇಕು?" ಅಂದ. ಮೊಂಡ ಮುದುಕ. ಅವನ ಜೊತೆ ವಾದಿಸಿ ಪ್ರಯೋಜನವಿಲ್ಲ.

ಕಾಗದದ ಕೊನೆಯಲ್ಲಿ, ಜಾಗವಿಲ್ಲದೆ ಅಂಚಿನಲ್ಲಿ ತುರುಕಿ, ಇನ್ನೊಂದು ಮಾತು ಬರೆದಿದ್ದೀಯ. ಬೇಸಿಗೆಯಿಂದ ನಿದ್ದೆ ಬರುತ್ತಿಲ್ಲ, ಬೆಳಗಿನ ಜಾವ ಮನೆ ತುಂಬ ಹುರಿದ ಜೋಳದ ವಾಸನೆ ಬಂದು ಎಚ್ಚರವಾಗುತ್ತದೆ, ಡೆರಿಕ್ ಅದು ಹೀಟರಿನ ದೋಷ ಅನ್ನುತ್ತಾನೆ ಅಂತ. ಹೀಟರು! ಡೆರಿಕ್ ದೊಡ್ಡ ಎಂಜಿನಿಯರ್ ಇರಬಹುದು, ಆದರೆ ಹುರಿದ ಜೋಳದ ವಾಸನೆ ಬಿಡುವ ಹೀಟರನ್ನು ಯಾವ ಕಂಪನಿಯೂ ಮಾಡಿಲ್ಲ ಅಂತ ಅವನಿಗೆ ಹೇಳು. ಬೆಳಗಿನ ಜಾವ ಎದ್ದು ಜೋಳ ಹುರಿಯುತ್ತಿದ್ದವಳು ಯಾರು ಅಂತ ನಿನಗೆ ಗೊತ್ತು.

ಐದು ವರ್ಷ ಅಮ್ಮ ನನ್ನ ಕನಸಿಗೆ ಬಂದಳು. ಬಾಗಿಲಲ್ಲಿ ನಿಂತು, ಹಸಿವು ಅನ್ನುತ್ತಿದ್ದಳು, ಕೂರು ಅಂದರೆ ಕೂರುತ್ತಿರಲಿಲ್ಲ. ಹೋದ ಬೇಸಿಗೆಯಿಂದ ಬರುವುದು ನಿಲ್ಲಿಸಿದಳು. ನನ್ನ ಮೇಲೆ ಬೇಜಾರು ಮಾಡಿಕೊಂಡಳು ಅಂತ ಎಷ್ಟು ಅತ್ತಿದ್ದೇನೆ ಗೊತ್ತಾ? ಈಗ ಗೊತ್ತಾಯಿತು ಎಲ್ಲಿಗೆ ಹೋದಳು ಅಂತ. ಅಷ್ಟು ದೂರ ನೀರು ದಾಟಿ, ನಿನ್ನ ಹಡರ್ಸ್‌ಫೀಲ್ಡಿನ ಆ ಹಾಳು ಚಳಿಯಲ್ಲಿ, ಮೈಮೇಲೆ ಒಂದು ಸ್ವೆಟರೂ ಇಲ್ಲದೆ, ನಾನು ಸೂಜಿ ಚುಚ್ಚಿದ ಆ ನೇರಳೆ ಉಡುಪಿನಲ್ಲಿ ನಿನ್ನ ಬಾಗಿಲಲ್ಲಿ ನಿಂತಿದ್ದಾಳೆ. ನೀನು ಎದ್ದು ಹೀಟರು ತಟ್ಟುತ್ತಿದ್ದೀಯ. ಥೂ ನಿನ್ನ! ರಜೆಗೆ ಬರುತ್ತಾಳಂತೆ, ರಜೆಗೆ! ದ್ವೀಪ ನೋಡಲು ಬರುತ್ತಾಳಂತೆ! ಯಾರ ಕಣ್ಣಿಗೆ ಮಣ್ಣೆರಚುತ್ತೀಯೇ, ಡೆರಿಕ್‌ಗೆ ಎರಚು, ನನಗಲ್ಲ.

ಇಷ್ಟೇ ನನಗೆ ಗೊತ್ತಿರುವ ಮಾಹಿತಿ. ಪ್ರಯಾಣ ಸುಖವಾಗಿರಲಿ. ಡಬ್ಬಿಯ ಮೀನು ತರಬೇಡ.

ನೀನು ವಿಳಾಸ ಮರೆಯದೆ ಬರೆದದ್ದಕ್ಕಾಗಿ ಉಪಕಾರ ಸ್ಮರಿಸುವ,
ನಿನ್ನ ಅಕ್ಕ
ಎಲ್‌ಫ್ರೀಡಾ

ತಾ.ಕ.: ಮಂಚ ಖಾಲಿಯಿಲ್ಲ ಅಂದೆನಲ್ಲ, ಸುಳ್ಳಲ್ಲ. ನಿನ್ನ ಕಾಗದ ಬಂದ ದಿನವೇ ಅಮ್ಮನ ಕಲ್ಲನ್ನು ತೊಟ್ಟಿಯ ಹಿಂದಿನಿಂದ ಒಳಗೆ ತರಿಸಿ, ತೊಳೆದು, ನಿನ್ನ ಮಂಚದ ಮೇಲೆ ಮಲಗಿಸಿ ಬಿಳಿ ಹಾಸು ಹೊದಿಸಿದ್ದೇನೆ. ಕಾಲ್ಡರ್ ಮಾವ ತಲೆ ಚಚ್ಚಿಕೊಂಡ. "ಹಿಂದಿನ ದಿನ ತರೋದು ಕಣೇ ಕಲ್ಲನ್ನ, ಒಂದು ತಿಂಗಳು ಮೊದಲು ಯಾರಾದ್ರೂ ತರ್ತಾರಾ, ಹುಚ್ಚೀ!" ಅಂದ. ಹೊರಗಿದ್ದರೆ ಮೇಕೆ ನೆಕ್ಕುತ್ತವೆ ಅಂತ ಏನೋ ಹೇಳಿ ಅವನನ್ನು ಕಳಿಸಿದೆ. ಅಮ್ಮನನ್ನು ಕಿಟಕಿಯ ಕಡೆಗೆ ಸರಿಸಿ ಮಲಗಿಸಿದ್ದೇನೆ. ಗೋಡೆಯ ಕಡೆ ಯಾವತ್ತೂ ನಿನ್ನದೇ ಅಲ್ಲವೇ, ಅಲ್ಲಿ ಒಬ್ಬಳು ಮಲಗುವಷ್ಟು ಜಾಗವಿದೆ. ಈ ಸಲ ಯಾರೂ ಹೊಡೆಯುವುದಿಲ್ಲ. ಡೆರಿಕ್‌ನನ್ನು ಆರ್ಡಿನ್‌ಳ ಕಾಟೇಜಿನಲ್ಲಿ ಬಿಟ್ಟು ಬಾ.