ಷಡ್ಡಕ ಹೇಳಿಕೊಟ್ಟ ಸ್ಪೀಡು

ಛೆ, ಕೆಮ್ಮು ಬಂದು ರೆಕಾರ್ಡಿಂಗ್ ಕೆಡ್ತು, ಕ್ಷಮಿಸಪ್ಪಾ, ಮತ್ತೆ ಮೊದಲಿಂದ ಹೇಳ್ತೀನಿ. ಇವತ್ತು ಮಂಗಳವಾರ. ಊಟ ಆಯ್ತು, ಹೊಟ್ಟೆಯುರಿ ಮಾತ್ರ ಆರಿಲ್ಲ.

ಮಗಳ ಮದುವೆ ವಿಡಿಯೋ ನಾನೇ ಎಡಿಟ್ ಮಾಡ್ತೀನಿ ಅಂತ ಮನೆ ತುಂಬಾ ಸಾರಿದ್ದೆ. ಷಡ್ಡಕನ ಲ್ಯಾಪ್‌ಟಾಪಲ್ಲಿರೋ ಅಂಥದ್ದೇ ಎಸ್‌ಎಸ್‌ಡಿ, ಅದೇ ಫೈಲ್ ಇಡೋ ಸ್ಪೀಡ್ ಡಿಸ್ಕು, ಹುಡುಕಿ ತಂದು ನನ್ನದಕ್ಕೂ ಹಾಕ್ದೆ. ಅವನದು ಓಡುತ್ತೆ, ನನ್ನದು ಅದರ ಅರ್ಧ ಸ್ಪೀಡಲ್ಲಿ ತೆವಳುತ್ತೆ. ಹೆಂಡತಿ, "ಅವರಿಗೇ ಕೊಟ್ಬಿಡಿ ರೀ, ಬೇಗ ಮುಗಿಸ್ತಾರೆ" ಅಂದ್ಳು. ನನ್ನ ಮಗಳ ಮದುವೆ, ಅವನ್ಯಾಕೆ ಮಾಡ್ಬೇಕು?

ಇವಳೇ ಹೇಳಿರ್ಬೇಕು, ಸಂಜೆ ಅವನೇ ಫೋನ್ ಮಾಡಿ, "ಅಣ್ಣಾ, ಎರಡನೇ ಸ್ಲಾಟಿಗೆ ಹಾಕಿರ್ತೀರಾ, ಅದು ಅರ್ಧ ಸ್ಪೀಡಿಂದು. ಹಳೇ ಡಿಸ್ಕನ್ನ ಅಲ್ಲಿಗೆ ಹಾಕಿ, ಹೊಸದನ್ನ ಮೊದಲನೇದಕ್ಕೆ ತನ್ನಿ" ಅಂದ. ಕಣ್ಣಲ್ಲಿ ನೋಡ್ದೇನೇ ಹೇಳ್ಬಿಟ್ಟ! "ಗೊತ್ತಪ್ಪಾ, ನನಗೂ ಗೊತ್ತು" ಅಂದೆ. ಆಮೇಲೆ ಬಾಗಿಲು ಹಾಕ್ಕೊಂಡು ಅದಲು ಬದಲು ಮಾಡ್ದೆ. ಈಗ ಕುದುರೆ ಥರ ಓಡ್ತಿದೆ. ಖುಷಿ ಆಗ್ಬೇಕಿತ್ತು. ಆದ್ರೆ ಒಂದೊಂದು ಫೈಲ್ ತೆಗೆದಾಗ್ಲೂ ಅವನೇ ಪಕ್ಕದಲ್ಲಿ ಕೂತು ನಕ್ಕ ಹಾಗೆ...

"ರೀ, ನನ್ನ ತಂಗಿ ಗಂಡ ಲೈನಲ್ಲಿದಾರೆ! ಸರಿಹೋಯ್ತಾ ಅಂತ ಕೇಳ್ತಿದಾರೆ!"

"ಇಲ್ಲ ಕಣೇ! ಅವನು ಹೇಳಿದ ಹಾಗೆ ಮಾಡಿದ್ರೂ ಆಗ್ಲಿಲ್ಲ ಅನ್ನು!"

ಬರ್ತಿದಾಳೆ, ರೆಕಾರ್ಡಿಂಗ್ ನಿಲ್ಲಿಸ್ತೀನಿ.